ಕೆಂಪು ಗೆರೆಯ ಅಡಿಯ ನೀಲಿ ಗೆರೆ

ಭಾನುಪ್ರಕಾಶನಿಗೆ ಕುರ್ಚಿ ಒಗ್ಗಿದ್ದೇ ಇಲ್ಲ. ಕೂತರೆ ತೊಡೆ ಕುಣಿಯುತ್ತದೆ, ನಿಂತರೆ ಬೆರಳು ಮೇಜು ಬಡಿಯುತ್ತದೆ. ಮಹದೇವಪುರದ ಆಫೀಸಿನಲ್ಲಿ ಅವನ ಮೇಜನ್ನು ಮೂಲೆಗೆ ತಳ್ಳಿ ಎರಡು ವರ್ಷವಾಯಿತು. ಕಾರ್ಖಾನೆ, ಗೋದಾಮುಗಳ ನೌಕರರು ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ಪಾಠಗಳನ್ನು ಅಲ್ಲಿ ತಯಾರಿಸುತ್ತಾರೆ. ಪಾಠದ ಚಿತ್ರಗಳಿಗೆ ದಾರಿ ಹಾಕಿ ಓಡಾಡಿಸುವುದು ಅವನ ಕೆಲಸ. ಅದಕ್ಕೆ ಮೊದಲು ಪೀಣ್ಯದ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ನಕ್ಷೆ ಬರೆದವನು. ಅಳತೆ ತಪ್ಪಿದರೆ, ತಪ್ಪಾಗಿ ಕತ್ತರಿಸಿದ ತಗಡನ್ನು ಫೋರ್‌ಮನ್ ತಂದು ಅವನ ಮೇಜಿನ ಮೇಲೆ ಎಸೆಯುತ್ತಿದ್ದರು. ಇಲ್ಲಿ ಎಸೆಯುವವರಿಲ್ಲ. ಅದೇ ಅವನಿಗೆ ಕಾಟ.

ಆ ಶುಕ್ರವಾರ ಸಂಜೆ ನಾಲ್ಕಕ್ಕೆ ಮಾದನಾಯಕನಹಳ್ಳಿಯ ಗೋದಾಮೊಂದಕ್ಕೆ ಸುರಕ್ಷತೆಯ ಪಾಠ ಕಳಿಸಬೇಕಿತ್ತು. ಪರದೆಯ ಮೇಲೆ ಗೋದಾಮಿನ ನಕ್ಷೆ. ಸರಕು ಎತ್ತಿಳಿಸುವ ಫೋರ್ಕ್‌ಲಿಫ್ಟ್ ಗಾಡಿ ಸಾಗುವುದಕ್ಕೆ ಕೆಂಪು ಗೆರೆ, ಕಸ ಗುಡಿಸುವ ಹೆಂಗಸು ಅಂಗಳದ ನಲ್ಲಿಗೆ ನಡೆಯುವುದಕ್ಕೆ ನೀಲಿ ಗೆರೆ. ಅರ್ಧ ದೂರ ನೀಲಿಯ ಮೇಲೆಯೇ ಕೆಂಪು ಕೂತಿತ್ತು.

“ಭಾನು ಸರ್, ಎರಡೂ ಲೈನ್ ಒಂದರ ಮೇಲೊಂದು ಬಿದ್ದಿದೆ. ಕ್ಲೈಂಟ್ ಒಪ್ಪಲ್ಲ,” ಎಂದಳು ಪ್ರಾಜೆಕ್ಟ್ ನೋಡಿಕೊಳ್ಳುವ ಐಶ್ವರ್ಯಾ. “ನೀಲಿದನ್ನ ಪಕ್ಕಕ್ಕೆ ಸರಿಸಿಬಿಡಿ. ಹತ್ತು ನಿಮಿಷದ ಕೆಲಸ.”

ಅವನು ನೀಲಿಯನ್ನು ಹಿಡಿಯಲು ಕ್ಲಿಕ್ ಮಾಡಿದ. ಸಿಕ್ಕಿದ್ದು ಮೇಲಿನ ಕೆಂಪು. ಗಮನಿಸದೆ ಎಳೆದ. ಓಡಿಸಿ ನೋಡಿದರೆ ಗಾಡಿ ಗೋಡೆ ತೂರಿ ಶೌಚಾಲಯದೊಳಗೆ ಹೋಗಿ ನಿಂತಿತು.

“ಡ್ರೈವರ್‌ಗೆ ಅರ್ಜೆಂಟಾಗಿತ್ತೇನೋ ಸರ್,” ಎಂದಳು ಐಶ್ವರ್ಯಾ.

ಅವನು ನಗಲಿಲ್ಲ. ಗಾಡಿಯನ್ನು ಹಿಂದಕ್ಕೆ ತಂದ. ಮತ್ತೆ ಕ್ಲಿಕ್, ಮತ್ತೆ ಕೆಂಪು. ಎದ್ದು ಲಿಫ್ಟಿನವರೆಗೆ ಹೋಗಿ ಬಂದ. ಕೊನೆಗೆ ಕೆಳಗಿನ ಪಟ್ಟಿಯಲ್ಲಿ ಕೆಂಪು ಗೆರೆಯ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಅದನ್ನು ಮರೆಮಾಡಿದ. ನೀಲಿ ಒಂಟಿಯಾಗಿ ಉಳಿಯಿತು. ಅದರ ಬಿಂದುಗಳನ್ನು ಒಂದೊಂದಾಗಿ ಬಲಗೋಡೆಯ ಬಾಗಿಲಿನ ಕಡೆ ಎಳೆಯುತ್ತ ಹೋದ. ಮೂರನೆಯ ಬಿಂದುವಿನ ಹತ್ತಿರ ಕೈ ನಿಂತಿತು.

ಹೋದ ತಿಂಗಳು ಅಳತೆಗೆಂದು ಗೋದಾಮಿಗೆ ಹೋದಾಗ, ಗಾಡಿಗಳ ನಡುವೆ ಬಕೆಟ್ ಹಿಡಿದು ದಾಟುತ್ತಿದ್ದ ಕಸ ಗುಡಿಸುವ ಸಿದ್ದಕ್ಕನನ್ನು, “ಆ ಬಾಗಿಲಿಂದ ಹೋಗಬಾರದಾ ಅಕ್ಕ?” ಎಂದು ಕೇಳಿದ್ದ. ಕೊಪ್ಪಳದ ಕಡೆಯ ಹೆಂಗಸು. “ಹೆಂಗ್ ಹೋಗ್ಲಿರಿ ಸಾಹೇಬ್ರ? ಬಾಗಲಕ್ಕ ಕೀಲಿ ಹಾಕ್ಯಾರ. ಗ್ವಾಡಿ ಜಿಗೀಲೇನು?” ಎಂದಿದ್ದಳು.

ಪಾಠದ ಕೊನೆಗೆ ಒಂದು ಪ್ರಶ್ನೆಯಿತ್ತು. ನೀಲಿ ಗೆರೆ ಬಿಟ್ಟು ನಡೆದವರದೇ ತಪ್ಪು ಎಂಬುದು ಅದರ ಸರಿಯುತ್ತರ. ಗೆರೆ ಸರಿದರೆ ಸಿದ್ದಕ್ಕ ದಿನಾ ತಪ್ಪಿತಸ್ಥೆ. ನಾಳೆ ಗಾಡಿ ಗುದ್ದಿದರೂ ತಪ್ಪು ಅವಳದೇ.

ಅವನು ಗೋದಾಮಿನ ಮೇಲ್ವಿಚಾರಕ ಗೋಪಾಲಪ್ಪನಿಗೆ ಫೋನ್ ಮಾಡಿದ.

“ಆ ಬಲಗಡೆ ಬಾಗಿಲು ತೆಗೆಸ್ತೀರಾ ಸಾರ್?”

“ನೀವು ಲೈನ್ ಎಳ್ಕೊಳ್ಳಿ ಸಾರ್, ಬಾಗಿಲು ನಾನು ನೋಡ್ಕೋತೀನಿ.”

“ತೆಗೆಸಿ ಫೋಟೋ ಕಳಿಸಿ. ಆಮೇಲೆ ಎಳೀತೀನಿ.”

“ಹೆಣ್ಣು ಕೊಡೋಕೆ ಮುಂಚೆ ಮನೆ ನೋಡೋಕೆ ಬಂದಂಗಾಯ್ತು ನಿಮ್ದು!”

ಮೂರೂವರೆ ಆಯಿತು. ಅವನು ಕಿಟಕಿಗೂ ಮೇಜಿಗೂ ನಡುವೆ ತಿರುಗಿದ, ಚಹಾ ತರಿಸಿ ಕುಡಿಯದೆ ಆರಿಸಿದ. ಮೂರೂಮುಕ್ಕಾಲಿಗೆ ಫೋಟೋ ಬಂತು. ಬಾಗಿಲು ತೆರೆದಿತ್ತು.

“ಆಯ್ತಲ್ಲ ಸರ್, ಸರಿಸಿ,” ಎಂದಳು ಐಶ್ವರ್ಯಾ.

ಅವನು ಫೋಟೋ ಹಿಗ್ಗಿಸಿದ. ಹೊಸ್ತಿಲಿನಾಚೆ, ಸರಕು ಪೇರಿಸುವ ಮರದ ಪ್ಯಾಲೆಟ್‌ಗಳನ್ನು ಎದೆಯೆತ್ತರಕ್ಕೆ ಒಟ್ಟಿದ್ದರು.

“ಬಕೆಟ್ ಹಿಡ್ಕೊಂಡು ಇದನ್ನ ಹತ್ತಿ ಇಳೀಬೇಕಾ ಆಯಮ್ಮ?”

ಐಶ್ವರ್ಯಾ ಬಗ್ಗಿ ನೋಡಿದಳು. “ಕ್ಲೈಂಟ್‌ಗೆ ಏನ್ ಹೇಳ್ಲಿ?”

“ಪ್ಯಾಲೆಟ್ ಎತ್ತೋದು ಹತ್ತು ನಿಮಿಷದ ಕೆಲಸ ಅಂತ ಹೇಳಿ.”

ನೀಲಿಯನ್ನು ಮೊದಲಿದ್ದಲ್ಲಿಗೇ ತಂದ. ಕೆಂಪು ಮತ್ತೆ ಕಾಣುವಂತೆ ಮಾಡಿ, ಎರಡೂ ಗೆರೆ ಕೂಡುವುದಕ್ಕೆ ಸ್ವಲ್ಪ ಹಿಂದೆಯೇ ಅದನ್ನು ತುಂಡರಿಸಿದ. ಹೆಂಗಸು ಪೂರ್ತಿ ದಾಟುವ ತನಕ, ಹನ್ನೆರಡು ಸೆಕೆಂಡು, ಗಾಡಿ ಅಲ್ಲೇ ನಿಲ್ಲಬೇಕು. ನಿಲ್ಲಿಸದಿದ್ದರೆ ತಪ್ಪು ಗಾಡಿಯವನದು ಎಂದು ಸರಿಯುತ್ತರವನ್ನೂ ಬದಲಿಸಿದ. ಐಶ್ವರ್ಯಾ ತಡೆಯಲಿಲ್ಲ. ನಾಲ್ಕು ಗಂಟೆ ಎರಡು ನಿಮಿಷಕ್ಕೆ ಪಾಠ ಹೋಯಿತು.

ಹತ್ತು ನಿಮಿಷದಲ್ಲಿ ಗೋಪಾಲಪ್ಪನ ಫೋನ್.

“ಏನ್ ಸಾರ್ ಇದು! ಅವಳು ನೀರಿಗೆ ಹೋದಾಗೆಲ್ಲ ಗಾಡಿ ನಿಂತ್ರೆ ಲೋಡ್ ಯಾರು ಇಳಿಸ್ತಾರೆ? ನಿಮ್ಮ ತಾತನಾ?”

“ಹಾಗಾದ್ರೆ ಬಾಗಿಲಾಚೆ ದಾರಿ ಬಿಡಿಸಿ.”

ಅತ್ತ ಕಡೆ ಒಂದು ಬೈಗುಳ. ಆಮೇಲೆ ಫೋನಿನಿಂದ ಬಾಯಿ ತಿರುಗಿಸಿ ಕೂಗಿದ್ದು ಕೇಳಿತು: “ಏ ಬಸಲಿಂಗ, ಗಾಡಿ ತಗೊಂಡ್ ಬಾರೋ! ಆಚೆಗಿರೋ ಪ್ಯಾಲೆಟ್ ಎತ್ತು!”

“ಫೋಟೋ ಕಳಿಸಿ ಸಾರ್,” ಎಂದ ಭಾನುಪ್ರಕಾಶ, ನಿಂತುಕೊಂಡೇ.