ಖಾಲಿ ತೊಟ್ಟಿಲಿನ ಭಾರ

ಗಾಳಿ, ಶಕುನ ಎಂದು ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಬೆಂಕಿಯ ಮುಂದೆ ಕೂತವನು ನಾನು. ಯಾರ ಕೈಕಾಲೂ ಹಿಡಿಯದೆ ಸವಳಂಗ ರಸ್ತೆಯಲ್ಲಿ ಸ್ವಂತ ವೆಲ್ಡಿಂಗ್ ಶೆಡ್ ಹಾಕಿದ್ದೇನೆ. ಒಂದು ಗೇಟನ್ನು ಎತ್ತಿದರೆ ಸಾಕು, ತಕ್ಕಡಿ ಬೇಡ, ತೂಕ ನನ್ನ ಕೈಯೇ ಹೇಳುತ್ತದೆ. ಜಂಬಕ್ಕೆ ಹೇಳುತ್ತಿಲ್ಲ, ಮುಂದಿನದು ಅರ್ಥವಾಗಬೇಕಾದರೆ ನಿಮಗೆ ಇದು ಗೊತ್ತಿರಬೇಕು. ಜಂಬವೂ ಸ್ವಲ್ಪ ಇದೆ ಅನ್ನಿ.

ನಮ್ಮ ಚರ್ಚಿನ ಸಭೆಯಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ವಾಗ್ದಾನದ ಕಾರ್ಡುಗಳನ್ನು ಮಗುಚಿ ಇಡುತ್ತಾರೆ. ಮನೆಗೊಂದು ತೆಗೆಯಬೇಕು. ಅದರಲ್ಲಿ ಬಂದ ಬೈಬಲ್ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿಲ್ಲದ ನನಗೂ ನನ್ನ ಹೆಂಡತಿ ಸುಶೀಲಾಗೂ ಆ ವರ್ಷ ಸಂತಾನದ ವಾಗ್ದಾನ ಬಂತು. ಅವಳು ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಪ್ರತಿ ಶುಕ್ರವಾರ ಇಬ್ಬರೂ ಉಪವಾಸ ಮಾಡಿ ಪ್ರಾರ್ಥಿಸಿದೆವು.

ಆ ವರ್ಷ ಮಗು ಹುಟ್ಟಿತು. ನಮಗಲ್ಲ, ಭದ್ರಾವತಿಯಲ್ಲಿದ್ದ ನನ್ನ ತಮ್ಮ ಸ್ಯಾಮುವೇಲನಿಗೆ. ಕಾರ್ಡು ತೆಗೆಯುವ ದಿನ ಅವನು ಚರ್ಚಿಗೇ ಹೋಗಿರಲಿಲ್ಲ, ಮನೆಯಲ್ಲಿ ಮಲಗಿದ್ದ. ನನ್ನ ಹೆಸರಿನ ಪಾರ್ಸೆಲ್ಲನ್ನು ಪಕ್ಕದ ಮನೆಗೆ ಕೊಟ್ಟು ಹೋದ ಹಾಗಾಯಿತು ನನಗೆ. ಅವನ ಫೋನ್ ಬಂದಾಗ ಸುಶೀಲಾ ದೇವರಿಗೆ ಸ್ತೋತ್ರ ಎಂದಳು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ.

"ಅಣ್ಣಾ, ತೊಟ್ಲು ನೀನೇ ಮಾಡ್ಕೊಡು ಮಾರಾಯ. ಅಂಗ್ಡೀದು ತಂದ್ರೆ ಎರಡು ದಿನಕ್ಕೇ ಅಲ್ಲಾಡೋಕೆ ಶುರುವಾಗುತ್ತೆ" ಅಂದ.

ಆಗುವುದಿಲ್ಲ ಎನ್ನಲು ಹೆಮ್ಮೆ ಬಿಡಲಿಲ್ಲ. ತೆಳು ಪೈಪಿನಲ್ಲಿ ಮಾಡಿದೆ. ಮಗುವಿನ ಕೈ ತರಚಬಾರದೆಂದು ಒಂದೊಂದು ಬೆಸುಗೆಯನ್ನೂ ಉಜ್ಜಿದೆ. ಉಜ್ಜುತ್ತ ಉಜ್ಜುತ್ತ ಹೊಟ್ಟೆ ಉರಿಯುತ್ತಿತ್ತು. ಅಷ್ಟು ನಯವಾದ ಕೆಲಸ ನಾನು ಯಾರಿಗೂ ಮಾಡಿಲ್ಲ. ದೇವರಿಗೆ ತೋರಿಸಬೇಕಿತ್ತು ನನಗೆ, ತೊಟ್ಟಿಲಿಗೆ ಯೋಗ್ಯನಾದವನು ಇಲ್ಲಿದ್ದಾನೆ ಎಂದು.

ಒಂದು ಭಾನುವಾರ ಸಂಜೆ, ಇನ್ನೂ ಬೆಳಕಿರುವಾಗ, ಭದ್ರಾವತಿಗೆ ಸಾಗಿಸಲು ಲಗೇಜ್ ಆಟೋ ಕರೆಸಿದೆ. ತೊಟ್ಟಿಲಿನಲ್ಲಿ ಸುಶೀಲಾ ಹಳೇ ಸೀರೆಯೊಂದನ್ನು ಮಡಿಸಿ ಹಾಸಿದ್ದಳು. ಪಕ್ಕದ ಮನೆಯ ಸರೋಜಕ್ಕ ಬಾಗಿಲಿಗೆ ಬಂದರು.

"ಖಾಲಿ ತೊಟ್ಲು ಹಾಗೆ ಒಯ್ಯಬಾರ್ದು ಕಣಪ್ಪ. ನಮ್ಮಲ್ಲಿ ಮಗೂಗೆ ಮುಂಚೆ ಗುಂಡುಕಲ್ಲು ಮಲಗಿಸ್ತೀವಿ. ನಮ್ಮನೆ ರುಬ್ಬೋ ಗುಂಡು ಕೊಡ್ಲಾ?"

"ನಮಗೆ ದೇವ್ರಿದಾನೆ ಸರೋಜಕ್ಕ, ಕಲ್ಲು ಯಾಕೆ?"

"ದೇವ್ರು ನಮಗೂ ಇದಾನೆ. ಆದ್ರೂ ಕಲ್ಲು ಇಡ್ತೀವಿ" ಎಂದು ನಕ್ಕು ಒಳಗೆ ಹೋದರು.

ತೊಟ್ಟಿಲು ತೂಗುಹಾಕುವ ಸ್ಟ್ಯಾಂಡನ್ನು ಆಟೋಗೆ ಏರಿಸಿ ಬಂದು ತೊಟ್ಟಿಲನ್ನು ಎತ್ತಿದೆ. ಭಾರವಾಗಿತ್ತು. ಬೆಳಿಗ್ಗೆ ಒಂದೇ ಕೈಯಲ್ಲಿ ಎತ್ತಿಟ್ಟಿದ್ದ ತೊಟ್ಟಿಲು ಅದು. ಸುಶೀಲಾ ನನಗೆ ಗೊತ್ತಾಗದಂತೆ ಸರೋಜಕ್ಕನ ಗುಂಡು ತಂದಿಟ್ಟಿದ್ದಾಳೆ ಎಂದುಕೊಂಡು ಸಿಟ್ಟು ಬಂತು. ತೊಟ್ಟಿಲನ್ನು ಎದೆಗೊರಗಿಸಿಕೊಂಡು ಸೀರೆಯ ಮಡಿಕೆಯೊಳಗೆ ಕೈ ಹಾಕಿದೆ. ಏನೂ ಇರಲಿಲ್ಲ. ಸೀರೆ ಮಾತ್ರ ಬೆಚ್ಚಗಿತ್ತು. ಅಷ್ಟರಲ್ಲಿ ಆ ಭಾರ ಎಡಗಡೆಯಿಂದ ಬಲಗಡೆಗೆ ಮೆಲ್ಲಗೆ ಸರಿಯಿತು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಕಲ್ಲು ಮಗ್ಗುಲು ಬದಲಿಸುವುದಿಲ್ಲ.

ನಾನು ಏನೂ ಹೇಳಿರಲಿಲ್ಲ. ಸುಶೀಲಾ ಬಂದು ಇನ್ನೊಂದು ಬದಿ ಹಿಡಿದಳು. ಭಾರಕ್ಕೆ ಅವಳ ಕೈ ಒಮ್ಮೆ ಕೆಳಗೆ ಜಗ್ಗಿತು. ಆಮೇಲೆ ಮೆತ್ತಗೆ ಅಂದಳು, "ನಿಧಾನ ರೀ, ಎಚ್ಚರ ಆಗುತ್ತೆ."

ಆಟೋದಲ್ಲಿ ತೊಟ್ಟಿಲನ್ನು ನಾನು ತೊಡೆಯ ಮೇಲಿಟ್ಟುಕೊಂಡಿದ್ದೆ. ಹೊಂಡ ಬಂದಲ್ಲೆಲ್ಲ ಸುಶೀಲಾ ಅದರ ಅಂಚಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ತಮ್ಮನ ಮನೆ ಬಂತು. ಸ್ಯಾಮುವೇಲ ಓಡಿಬಂದು ನನ್ನ ತೊಡೆಯಿಂದ ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡ.

"ಹೂವಿನಷ್ಟು ಹಗುರ ಮಾಡಿದೀಯಲ್ಲಣ್ಣ" ಅಂದ.

ನನ್ನ ತೊಡೆ ಜೋಮು ಹಿಡಿದಿತ್ತು.

ಇದಾಗಿ ವರ್ಷಗಳಾದವು. ಪಾಸ್ಟರಿಗೆ ಒಮ್ಮೆ ಹೇಳಿದೆ. ಕೇಳಿ, ಪ್ರಾರ್ಥನೆ ಮಾಡೋಣ ಎಂದರು. ಸುಶೀಲಾಳನ್ನು ಕೇಳಿದರೆ ಮಾತು ಬದಲಿಸುತ್ತಾಳೆ. ಗೋಡೆಯ ಕಾರ್ಡು ಒಗ್ಗರಣೆಯ ಹೊಗೆಗೆ ಕಂದಿದೆ, ಅವಳು ತೆಗೆಯಲು ಬಿಡುವುದಿಲ್ಲ. ನಮಗೆ ಇನ್ನೂ ಮಕ್ಕಳಾಗಿಲ್ಲ. ಶುಕ್ರವಾರದ ಉಪವಾಸ ನಿಲ್ಲಿಸಿಲ್ಲ.

ತಮ್ಮನ ಮಗ ಈಗ ಶಾಲೆಗೆ ಹೋಗುತ್ತಾನೆ, ದೊಡ್ಡಪ್ಪ ಎಂದು ಓಡಿಬರುತ್ತಾನೆ. ಅವನನ್ನು ಎತ್ತಿಕೊಂಡಾಗ ಇವತ್ತಿಗೂ ಆ ಹೊಟ್ಟೆಕಿಚ್ಚು ಒಂದಿಷ್ಟು ಏಳುತ್ತದೆ. ಆ ಸಂಜೆಯೂ ತೊಟ್ಟಿಲನ್ನು ಇಳಿಸಿದ ಮೇಲೆ ಅವನನ್ನು ಮೊದಲ ಸಲ ಎತ್ತಿಕೊಂಡಿದ್ದೆ. ತೂಕ ನನ್ನ ಕೈಗೆ ಚೆನ್ನಾಗಿ ಗೊತ್ತು. ನಾನು ತೊಡೆಯ ಮೇಲಿಟ್ಟುಕೊಂಡು ಬಂದದ್ದು ಅವನ ತೂಕವಲ್ಲ.