ಹನ್ನೊಂದನೇ ಪ್ರಶ್ನೆಯ ಕೆಮ್ಮು

ನಮ್ಮ ಮನೆಯ ಷೋಕೇಸಿನಲ್ಲಿ ಚರ್ಚಾಸ್ಪರ್ಧೆಯ ಹದಿನಾಲ್ಕು ಶೀಲ್ಡುಗಳಿವೆ. ಅವುಗಳ ಧೂಳು ಒರೆಸುವಾಗಲೆಲ್ಲ ಅಪ್ಪ, "ಇವುನ್ನ ನೋಡಿ ಯಾರರೆ ಪಗಾರ ಕೊಡ್ತಾರೇನ?" ಎಂದು ಕೇಳುತ್ತಿದ್ದರು. ವಿಷಯದ ಪರವಾಗಿ ಮಾತಾಡಿ ಗೆದ್ದಿದ್ದೆ, ಮರುದಿನ ಅದೇ ವಿಷಯದ ವಿರೋಧವಾಗಿ ಮಾತಾಡಿಯೂ ಗೆದ್ದಿದ್ದೆ. ಇಂಥವಳಿಗೆ ವಿಜಯಪುರದಲ್ಲಿ ಯಾವ ಕೆಲಸ ಸಿಗಬೇಕು? ಸಿಕ್ಕಿದ್ದು ಕ್ಷಯರೋಗದ ಅಧ್ಯಯನವೊಂದರಲ್ಲಿ ಮನೆಮನೆಗೆ ಹೋಗಿ ಫಾರ್ಮು ತುಂಬುವ ಕೆಲಸ. ಅಲ್ಲಿ ನಾನು ಮಾತಾಡುವಂತಿರಲಿಲ್ಲ, ಬರೀ ಕೇಳಬೇಕಿತ್ತು. ದೇವರಿಗೂ ಹಾಸ್ಯಪ್ರಜ್ಞೆ ಇದೆ ಎಂದು ನಂಬಬೇಕೆನ್ನಿಸಿದ್ದು ಅದೊಂದೇ ಸಲ.

ಅಧ್ಯಯನ ಏನೆಂದು ಹೇಳಿಬಿಡುತ್ತೇನೆ. ಟಿ.ಬಿ. ಬಂದವರ ಕಫವನ್ನು ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸುತ್ತೇವೆ. ಅಲ್ಲಿ ರೋಗಾಣುವನ್ನು ಬೆಳೆಸಿ ಅದರ ಜೀನೋಮನ್ನು ಮಷಿನ್ ಓದುತ್ತದೆ. ಜೀನೋಮು ಅಂದರೆ ನಲವತ್ತು ಲಕ್ಷಕ್ಕೂ ಮಿಕ್ಕಿದ ಅಕ್ಷರಗಳ ಒಂದು ಉದ್ದನೆಯ ಸಾಲು. ಇಬ್ಬರು ರೋಗಿಗಳ ಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ ಹೆಚ್ಚುಕಡಿಮೆ ಒಂದೇ ಇದ್ದರೆ, ರೋಗ ಈಚೆಗೆ ಅವರ ನಡುವೆ ದಾಟಿರಬೇಕು. ಬಹಳ ಫರಕು ಇದ್ದರೆ ಇಬ್ಬರಿಗೂ ಬೇರೆ ಬೇರೆ ಕಡೆಯಿಂದ ಬಂದಿದೆ. ಜಾತಕ ಕೂಡಿಸಿ ನೋಡುವುದಕ್ಕೂ ಇದಕ್ಕೂ ಒಂದೇ ವ್ಯತ್ಯಾಸ: ಇದರಲ್ಲಿ ದಕ್ಷಿಣೆ ಇಲ್ಲ. ನಾನು ಜಾತಕ ನಂಬುವವಳಲ್ಲ, ವಾಸ್ತು ನಂಬುವವಳಲ್ಲ, ಗಾಡಿಗೆ ಕಟ್ಟಿದ ನಿಂಬೆಹಣ್ಣನ್ನು ನೋಡಿದರೆ ಶರಬತ್ತು ನೆನಪಾಗುವವಳು. ಮಷಿನನ್ನು ಮಾತ್ರ ನಂಬಿದ್ದೆ. ಏನನ್ನೂ ನಂಬದವರು ಕೊನೆಗೆ ಒಂದನ್ನು ನಂಬುತ್ತಾರಲ್ಲ, ಅದು ಭಾಳ ಕೆಟ್ಟ ನಂಬಿಕೆ.

ತಿಕೋಟಾದಲ್ಲಿ ಒಂದು ಮನೆ. ಸೊಸೆ ಕಾಖಂಡಕಿಯವಳು, ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ದೀಪಾವಳಿಗೆ ಹಿಡಿದ ಕೆಮ್ಮು ಬಿಡದೆ ಪರೀಕ್ಷೆ ಮಾಡಿಸಿದಾಗ ಟಿ.ಬಿ. ಎಂದು ತಿಳಿಯಿತು. ಗುಳಿಗೆ ಶುರುವಾಯಿತು. ಮನೆಯ ಉಳಿದವರಿಗೂ ಇದೆಯೋ ಎಂದು ಕೇಳಿಕೊಂಡು ಬರಲು ನನ್ನನ್ನು ಕಳಿಸಿದರು. ಮನೆಯಲ್ಲಿದ್ದವರು ಮೂವರೇ. ಸೊಸೆ, ದ್ರಾಕ್ಷಿ ತೋಟಗಳಿಗೆ ಔಷಧಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ಆಕೆಯ ಗಂಡ, ಮತ್ತು ಅತ್ತೆ. ಅತ್ತೆಯನ್ನು ನಾನು ಆಯಿ ಎನ್ನುತ್ತಿದ್ದೆ. ಸುಟ್ಟ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕುತ್ತ, ಬೆರಳನ್ನು ಬಾಯಿಂದ ತೆಗೆಯದೆಯೇ ಇಡೀ ಓಣಿಯನ್ನು ಬೈಯಬಲ್ಲವಳು.

ಫಾರ್ಮಿನ ಹನ್ನೊಂದನೇ ಪ್ರಶ್ನೆ: ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು ಇದೆಯೇ? ಇದ್ದರೆ ಎಂದಿನಿಂದ?

"ನನಗೆಲ್ಲಿ ಕೆಮ್ಮ ಬೇ?" ಎಂದು ಆಯಿ ಕೆಮ್ಮಿದಳು. "ನಾ ಗಟ್ಟಿ ಅದೀನಿ." ಮತ್ತೆ ಕೆಮ್ಮಿದಳು.

"ಆಯಿ, ಈಗ ಕೆಮ್ಮಿದ್ರಲ್ರಿ?"

"ಇದು ತಂಬಾಕದ್ದ ಕೆಮ್ಮ ಯವ್ವಾ. ಜಡ್ಡಿನ ಕೆಮ್ಮ ಅಲ್ಲ. ಇದನ್ಯಾಕ ಬರಕೋತಿ?"

ನಾನು 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ. ಆ ಭಾಗದ ಎಷ್ಟೋ ಮನೆಗಳಲ್ಲಿ ಹೀಗೆಯೇ. ಹೆಂಗಸರ ತಂಬಾಕಿನ ಕೆಮ್ಮು ಲೆಕ್ಕಕ್ಕಿಲ್ಲದ ಕೆಮ್ಮು, ಅದು ಮನೆಯ ಸಪ್ಪಳಗಳಲ್ಲಿ ಒಂದು. ಆಕೆ ಕಫ ಕೊಡಲೂ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಬಸ್ಸಿನ ಹೊತ್ತಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಆಕೆಗೆ ಜ್ವರ ಬಂತು, ಆಗ ಕಫ ಕೊಟ್ಟಳು. ಆಕೆಗೂ ಟಿ.ಬಿ.

ಮುಂದಿನ ಸಲ ಹೋದಾಗ ಮನೆಯ ಮುಂದಿನ ಕಟ್ಟೆಯ ಮೇಲೆ ಆಯಿಯ ತಮ್ಮ ಕುಳಿತಿದ್ದರು. ನಿಡೋಣಿಯವರು, ನಿವೃತ್ತ ಮಾಸ್ತರು, ನ್ಯಾಯ ಹೇಳಲು ಬಂದಿದ್ದರು. ಓಣಿಯ ನಾಲ್ಕಾರು ಮಂದಿ ಸುತ್ತ ನಿಂತಿದ್ದರು. ಒಳಬಾಗಿಲಲ್ಲಿ ಸೊಸೆ ಇದ್ದಳು. ಆಕೆಯ ಊಟದ ತಾಟಿನ ಅಂಚಿಗೆ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಗುರುತು ಮಾಡಿ, ಅದನ್ನು ಬಚ್ಚಲ ಪಕ್ಕದ ಗೂಡಿನಲ್ಲಿ ಬೇರೆ ಇಟ್ಟಿದ್ದರು. ತಾಟಿನಿಂದ ಟಿ.ಬಿ. ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ ಎಂದು ನಾನು ಮೊದಲ ದಿನವೇ ಹೇಳಿದ್ದೆ. ಕೇಳಿಸಿಕೊಂಡಿದ್ದರು, ಅಷ್ಟೇ.

"ನೋಡ್ರಿ ಮೇಡಮ್ಮರ," ಎಂದರು ಮಾಸ್ತರು. "ಈ ಹುಡುಗಿ ಬರೂಕಿಂತ ಮೊದಲ ಈ ಮನ್ಯಾಗ ಟಿ.ಬಿ. ಇತ್ತೇನು? ಇರಲಿಲ್ಲ. ಬಂದ ಮ್ಯಾಲ ಬಂತೋ ಇಲ್ಲೋ? ಬಂತು. ಹಂಗಾರ ಯಾರು ತಂದ್ರು?"

ಎದುರಾಳಿ ಸಿಕ್ಕ ಖುಷಿಗೆ ನನ್ನ ಮೈ ಜುಮ್ಮೆಂದಿತು. ಎಷ್ಟು ತಿಂಗಳಾಗಿತ್ತು ಒಂದು ಒಳ್ಳೆಯ ಕುತರ್ಕ ಕೇಳಿ!

"ಮಾಸ್ತರ, ಈಕಿ ಬಂದ ವರ್ಷನ ಅಲ್ಲಿ ಹಿಂದ ಮೊಬೈಲ್ ಟಾವರ್ ಬಂತಂತ. ಅದನ್ನೂ ಈಕೀನ ತೌರಮನಿಯಿಂದ ತಂದ್ಲೇನ್ರಿ?"

ಜನ ನಕ್ಕರು. ಒಬ್ಬಾಕೆ, "ಮಾಸ್ತರ, ಉತ್ತರ ಹೇಳ್ರಿ ಈಗ," ಎಂದಳು. ನಗು ಕೇಳಿದರೆ ನನಗೆ ನಿಲ್ಲಲು ಬರುವುದಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಇಬ್ಬರ ಕಫಾನೂ ಮಷಿನಿಗೆ ಹೋಗೈತಿ," ಎಂದೆ. "ಈಕಿಯಿಂದ ಬಂದಿಲ್ಲ ಅಂತ ಮಷಿನ್ನ ಹೇಳ್ತೈತಿ. ಅವಾಗೇನ್ ಮಾಡ್ತೀರಿ?"

ಮಾಸ್ತರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. ಮೂವತ್ತು ವರ್ಷ ಹುಡುಗರ ಸಬೂಬು ಕೇಳಿದ ಮನುಷ್ಯ.

"ಚೊಲೋ ಆತು. ಮಷಿನ್ ಹೇಳ್ಲಿ. ಹೇಳೂ ತನಕ ಹುಡುಗಿ ಕಾಖಂಡಕ್ಯಾಗ ಇರಲಿ. ಆಕೀದಲ್ಲ ಅಂತ ಬಂದ್ರ ನಾನ ಹೋಗಿ ಕರಕೊಂಡ ಬರ್ತೀನಿ. ಆಕೀದಂತ ಬಂದ್ರ ಮುಂದಿಂದು ಮುಂದ ನೋಡೂಣು. ಒಪ್ಪಿಗೀ ಏನ್ರಿ ಎಲ್ಲಾರಿಗೂ?"

ಎಲ್ಲರಿಗೂ ಒಪ್ಪಿಗೆಯಾಯಿತು. ಒಪ್ಪಿಗೆ ಕೇಳದಿದ್ದದ್ದು ಒಬ್ಬಳನ್ನು ಮಾತ್ರ. ಗಂಡ ಎನ್ನಿಸಿಕೊಂಡವನು ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದ. ಬಹುಶಃ ಬೆನ್ನೆಲುಬು.

ಮರುದಿನ ಆಕೆ ಒಂದು ಬ್ಯಾಗು, ಗುಳಿಗೆಯ ಪಾಕೀಟು ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಏನಾದರೂ ಹೇಳಬೇಕೆಂದು ಹತ್ತಿರ ಹೋದೆ.

"ಭಾಳ ಚೊಲೋ ಮಾತಾಡ್ತೀರಿ ಅಕ್ಕಾ," ಎಂದಳು. "ನೀವು ಮಾತಾಡೂಕಿಂತ ಮೊದಲ ನಂದ ತಾಟ ಅಷ್ಟ ಬ್ಯಾರೆ ಆಗಿತ್ತು."

ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ವರದಿ ಬರಲು ಮೂರು ತಿಂಗಳು ಮಿಕ್ಕಿ ಹಿಡಿಯಿತು. ರೋಗಾಣು ಬೆಳೆಯಬೇಕು, ಅದಕ್ಕೆ ನಮ್ಮ ಅವಸರ ತಿಳಿಯುವುದಿಲ್ಲ. ಅಷ್ಟರೊಳಗೆ ಇಬ್ಬರೂ ಗುಳಿಗೆ ನುಂಗಿ ನುಂಗಿ ಚೇತರಿಸಿಕೊಂಡಿದ್ದರು. ಇಬ್ಬರಿಂದಲೂ ಯಾರಿಗೂ ಅಪಾಯವಿರಲಿಲ್ಲ. ಆದರೂ ಸೊಸೆ ಕಾಖಂಡಕಿಯಲ್ಲೇ. ಮಾಸ್ತರರ ತೀರ್ಪು, ನನ್ನ ಬಾಯಿ.

ಒಂದು ದಿನ ನಮ್ಮ ಅಧ್ಯಯನದ ಡಾಕ್ಟರ್ ಮೇಡಂ ವಿಜಯಪುರದ ಆಫೀಸಿನಲ್ಲಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಹೆಸರುಗಳಿರಲಿಲ್ಲ, ಬರೀ ಸಂಕೇತ ಸಂಖ್ಯೆಗಳು. ಆದರೆ ಆ ಎರಡು ಸಂಖ್ಯೆಗಳನ್ನು ಬರೆದವಳು ನಾನೇ.

"ಎರಡರೊಳಗ ಒಂದ ಅಕ್ಷರ ಫರಕು," ಎಂದರು ಮೇಡಂ. "ಒಂದ ಮನಿ ರೋಗ."

"ಯಾರಿಂದ ಯಾರಿಗೆ ಹೋತು ಮೇಡಂ?"

"ಅದನ್ನ ಇದು ಹೇಳೂದಿಲ್ಲವಾ. ಇಬ್ಬರ ನಡುವ ದಾಟೇತಿ ಅನ್ನೂದಷ್ಟ ಹೇಳ್ತೈತಿ. ಯಾರು ಮೊದಲು ಅನ್ನಾಕ ನಿನ್ನ ಫಾರ್ಮ ಐತಲ್ಲ?" ಫೈಲು ತೆರೆದರು. "ಸೊಸಿಗೆ ದೀಪಾವಳಿಯಿಂದ ಕೆಮ್ಮು. ಅತ್ತಿಗೆ ಅವಾಗ ಕೆಮ್ಮ ಇಲ್ಲ. ಹಂಗಾರ ಸೊಸಿಯಿಂದ ಅತ್ತಿಗೆ."

ನಲವತ್ತು ಲಕ್ಷ ಅಕ್ಷರ ಓದಿದ ಮಷಿನ್ ಸುಮ್ಮನಿತ್ತು. ಸೊಸೆಯ ವಿರುದ್ಧ ಸಾಕ್ಷಿ ಹೇಳುತ್ತಿದ್ದದ್ದು ನನ್ನ ನೀಲಿ ಪೆನ್ನಿನ ಒಂದು ಗುರುತು.

"ಮೇಡಂ, ಆ ಗುರುತು ತಪ್ಪರಿ. ಆಕಿ ನನ್ನ ಎದುರಿಗೇ ಕೆಮ್ಮಾಕತ್ತಿದ್ಲು."

"ಮತ್ತ ಇಲ್ಲ ಅಂತ ಯಾಕ ಬರ್ದಿ?"

"ಇಲ್ಲ ಅಂದ್ಲರಿ."

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ನೀ ಶೀಲ್ಡ ಗೆದ್ದಾಕಿ ಅಲ್ಲೇನು? ಎದುರಿನವ್ರು ಹೇಳಿದ್ದೆಲ್ಲಾ ಹಿಂಗ ಒಪ್ಕೋತಿದ್ದೇನು?" ಆಮೇಲೆ ಬೆರಳೆತ್ತಿ, "ಹೋಗಿ ಮತ್ತೊಮ್ಮೆ ಕೇಳಿಕೊಂಡ ಬಾ. ವರದಿ ಮಾತ್ರ ಹೇಳಂಗಿಲ್ಲ. ಯಾರಿಗೂ ಹೇಳೂದಿಲ್ಲಂತ ಸಹಿ ಮಾಡಿ ಕೊಟ್ಟೀವಿ," ಎಂದರು.

ತಿಕೋಟಾಕ್ಕೆ ಹೋದಾಗ ಮಾಸ್ತರೂ ಇದ್ದರು, ಅವಲಕ್ಕಿ ತಿನ್ನುತ್ತ.

"ಏನಂತ ನಿನ್ನ ಮಷಿನ್?" ಎಂದಳು ಆಯಿ.

"ಅದನ್ನ ಹೇಳಂಗಿಲ್ಲ ಆಯಿ. ಕಾಯ್ದೆ ಐತಿ."

"ಅವತ್ತ ಕಟ್ಟಿ ಮ್ಯಾಲ ನಿಂತ ಒದರುವಾಗ ಕಾಯ್ದೆ ಇರಲಿಲ್ಲೇನ ಬೇ?"

ಫಾರ್ಮಿನಲ್ಲಿ ಒಂದು ಪ್ರಶ್ನೆ ತಪ್ಪಾಗಿದೆ, ಮತ್ತೊಮ್ಮೆ ಕೇಳಬೇಕು ಎಂದೆ. 'ಕೆಮ್ಮು' ಎಂದು ಕೇಳಿದರೆ ತಂಬಾಕು ಅಡ್ಡ ಬರುತ್ತದೆಂದು ಗೊತ್ತಿತ್ತು. ಅದಕ್ಕೇ ಬೇರೆ ಕಡೆಯಿಂದ ಹೊಕ್ಕೆ.

"ಆಯಿ, ನೀವು ಮೊದಲಿನಂಗ ಕೆಲಸ ಮಾಡಾಕ ಆಗವಲ್ದು ಅಂತ ಯಾವಾಗಿಂದ ಅನ್ನಿಸ್ತು?"

ಆಯಿಗೆ ಇದು ಇಷ್ಟದ ವಿಷಯ. ಗೋಡೆಗೆ ಒರಗಿ ಕುಳಿತಳು. "ಅಯ್ಯ, ನನ್ನ ರೊಟ್ಟಿ ನೀ ನೋಡಿಲ್ಲ! ಹೊತ್ತ ಏರೂದರಾಗ ಐವತ್ತ ರೊಟ್ಟಿ ಬಡೀತಿದ್ದೆ. ಆಮ್ಯಾಲ ಏನಾತೋ ಏನೋ, ನಾಕ ರೊಟ್ಟಿ ಬಡದ್ರ ದಮ್ಮ ಹತ್ತಾಕ ಶುರುವಾತು. ಕೆಮ್ಮಿ ಕೆಮ್ಮಿ ಹಿಟ್ಟಿನ ಮ್ಯಾಲ ಬೀಳ್ತಿದ್ದೆ. ಅದಕ್ಕ ಅಲ್ಲೇನ ಮಗನ ಮದುವಿ ಗಡಿಬಿಡಿಲೆ ಮಾಡಿದ್ದು? ಈ ನನ್ನ ತಮ್ಮನ ಊರೂರ ತಿರಗಿ ಹುಡುಗಿ ತಂದ. ಅಕ್ಕಗ ಆಗವಲ್ದು, ರೊಟ್ಟಿ ಬಡಿಯೂ ಹುಡುಗಿ ಬೇಕು, ಅಂತ ಕಾಖಂಡಕ್ಯಾಗ ಹೇಳಿ..."

ಮಾಸ್ತರರ ಬಾಯಿ ಅವಲಕ್ಕಿ ಅಗಿಯುವುದನ್ನು ನಿಲ್ಲಿಸಿತು. ಅವರಿಗೆ ಮೊದಲು ಹೊಳೆಯಿತು. ಎಷ್ಟಾದರೂ ಮಾಸ್ತರು.

ಆಯಿಯ ಮಾತು ಇನ್ನೂ ಸ್ವಲ್ಪ ದೂರ ಹೋಯಿತು. ಹುಡುಗಿಗೆ ರೊಟ್ಟಿ ತೆಳ್ಳಗೆ ಬರುತ್ತಿರಲಿಲ್ಲವಂತೆ. ಆರು ತಿಂಗಳು ದಿನಾ ಬೆನ್ನಿಗೆ ಕುಳಿತು, ಭುಜದ ಮೇಲಿಂದ ಬಗ್ಗಿ ನೋಡಿ ಕಲಿಸಿದಳಂತೆ. ನಾನು ಅಡುಗೆಮನೆಯತ್ತ ನೋಡಿದೆ. ಒಂದು ಬಾಗಿಲು, ಮೂರು ಗೋಡೆ, ಕಿಟಕಿ ಇಲ್ಲ. ಕೆಂಪು ಗುರುತಿನ ತಾಟು ಮಾತ್ರ ಗೂಡಿನಲ್ಲಿ ಸುರಕ್ಷಿತವಾಗಿತ್ತು.

ಆಯಿಯ ಮಾತು ತಾನಾಗಿಯೇ ನಿಧಾನವಾಯಿತು. ತಮ್ಮನ ಮುಖ ನೋಡಿದಳು. ನನ್ನ ಮುಖ ನೋಡಿದಳು.

"ಹಂಗಾರ ಆಕಿ ಬರೂಕಿಂತ ಮೊದಲ... ನಂದೇನ ಬೇ?"

ನಾಲಗೆಯ ತುದಿಗೆ ವಾಕ್ಯ ಬಂದು ನಿಂತಿತ್ತು. ಕಟ್ಟೆಯ ಮೇಲೆ ಹೇಳಿದ್ದರೆ ಓಣಿಗೆ ಓಣಿಯೇ ಚಪ್ಪಾಳೆ ತಟ್ಟುತ್ತಿತ್ತು. ಆದರೆ ಎದುರಿಗಿದ್ದದ್ದು ಒಬ್ಬ ಹೆಂಗಸು, ಕೈಬೆರಳಿನ ತಂಬಾಕನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಗೆಲ್ಲಲು ಹೋದರೆ ನಾನು ಮಾಡುವುದು ಇಷ್ಟೇ ಎಂದು ಆಗ ಹೊಳೆಯಿತು: ಕೆಂಪು ಗುರುತಿನ ತಾಟನ್ನು ಸೊಸೆಯಿಂದ ಕಿತ್ತು ಅತ್ತೆಗೆ ಕೊಡುವುದು. ಅವತ್ತು ಮಾಸ್ತರರ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿರಲಿಲ್ಲ. ಆ ಪ್ರಶ್ನೆಯನ್ನು ಒಪ್ಪಿಕೊಂಡದ್ದೇ ತಪ್ಪು. ಯಾರು ತಂದರೋ ಅವರದು ಅಪರಾಧ ಎಂಬುದನ್ನು ಒಪ್ಪಿದ ಮೇಲೆ ಉಳಿದದ್ದು ಬರೀ ಹೆಸರು ಹುಡುಕುವ ಕೆಲಸ.

"ನಿಮಗೂ ಯಾರೋ ಕೊಟ್ಟಾರ ಆಯಿ," ಎಂದೆ. "ಅವ್ರಿಗೆ ಮತ್ಯಾರೋ ಕೊಟ್ಟಾರ. ಬೇಕಂತ ಯಾರೂ ಕೊಟ್ಟಿಲ್ಲ. ಯಾರು ತಂದ್ರು ಅಂತ ಕೇಳೂದ ಖೊಟ್ಟಿ, ತಪ್ಪು ಪ್ರಶ್ನಿ. ಅವತ್ತ ನಾ ಮಾಸ್ತರಿಗೆ ಇದನ್ನ ಹೇಳಬೇಕಿತ್ತು. ಹೇಳಲಿಲ್ಲ."

ಮಾಸ್ತರು ಅವಲಕ್ಕಿಯ ಬಟ್ಟಲು ಕೆಳಗಿಟ್ಟು, "ಒಂದ ಕಿಡಕಿ ಇಲ್ಲ ನೋಡು ಈ ಅಡಗಿಮನಿಗೆ," ಎಂದರು, ಇಷ್ಟು ದಿನ ಆ ಗೋಡೆಯೇ ಅವರಿಂದ ಏನನ್ನೋ ಮುಚ್ಚಿಟ್ಟಿತ್ತು ಎಂಬಂತೆ.

ಆಯಿ ಮಗನ ಹಳೆಯ ಮೊಬೈಲು ತೆಗೆದು ನನ್ನ ಕೈಗಿಟ್ಟಳು. "ಹಚ್ಚು ಆಕೀಗೆ. ಜೋರಾಗಿ ಕೇಳೂ ಹಂಗ ಹಚ್ಚು."

ಸೊಸೆ ಎತ್ತಿಕೊಂಡಳು. "ಏನ್ರಿ ಅತ್ತಿ? ಮಷಿನ್ ಏನಂತಂತ?"

"ಮಷಿನ್ ಸುಡು. ನಾ ಹೇಳಾಕತ್ತೀನಿ, ಬಾ."

"ನನ್ನ ತಾಟು?"

"ಎಲ್ಲಾ ತಾಟಿನ ಜೋಡಿ ಇಡ್ತೀನಿ ತಗೋ."

"ತಾಟ ಇರಲಿ. ಗುಳಿಗಿ ಕೊಡೂ ಅಕ್ಕಾರು ಇಲ್ಲಿ ಹೇಳ್ಯಾರ, ಗಾಳಿ ಆಡಬೇಕಂತ. ಅಡಗಿಮನಿಗೆ ಮೊದಲ ಕಿಡಕಿ ಒಡಸ್ರಿ. ಒಡಸಿದ ಮ್ಯಾಲ ಫೋಟೋ ಕಳಸ್ರಿ. ನೋಡಿ ಬರ್ತೀನಿ."

"ನೋಡಿದಿ ಮಾಸ್ತರ?" ಎಂದಳು ಆಯಿ, ಫೋನು ಇಟ್ಟ ಮೇಲೆ. ಬೈಗುಳವೋ ಹೆಮ್ಮೆಯೋ ತಿಳಿಯಲಿಲ್ಲ.

ನಾಲ್ಕು ದಿನಕ್ಕೆ ಗೋಡೆಗೆ ತೂತು ಬಿತ್ತು. ಫೋಟೋ ತೆಗೆದು ಕಳಿಸಿದ್ದು ಮಾಸ್ತರು. ಬಂದ ಉತ್ತರವನ್ನು ಅವರೇ ನನಗೆ ಓದಿ ತೋರಿಸಿದರು: "ಇದು ಯಾರ ಮನಿ ಕಿಡಕಿ? ಒಲಿ ಕಾಣವಲ್ದು. ಒಲಿ ಸೇರಿಸಿ ತಗೀರಿ." ನಾನು ಕಂಡ ಸಂಶಯವಾದಿಗಳಲ್ಲಿ ಆಕೆಯೇ ಮೇಲು. ನಾನು ಮಷಿನನ್ನು ನಂಬಿದ್ದೆ, ಆಕೆ ಫೋಟೋವನ್ನೂ ನಂಬಲಿಲ್ಲ. ಒಲೆ ಸೇರಿಸಿ ತೆಗೆದ ಮೇಲೆ ಮಾಸ್ತರೇ ಕಾಖಂಡಕಿಗೆ ಹೋಗಿ ಕರೆತಂದರು.

ಹನ್ನೊಂದನೇ ಪ್ರಶ್ನೆಯ ಗುರುತನ್ನು ಕೆಂಪು ಪೆನ್ನಿನಿಂದ ಹೊಡೆದು, 'ಸೊಸೆ ಬರುವುದಕ್ಕೆ ಮೊದಲಿನಿಂದ' ಎಂದು ಬರೆದು ಸಹಿ ಮಾಡಿದೆ. ಷರಾ ಬರೆಯುವ ಜಾಗದಲ್ಲಿ, 'ಉತ್ತರಿಸಿದವರು ಸುಳ್ಳು ಹೇಳಿಲ್ಲ. ಕೇಳಿದವರು ಕೇಳಿಸಿಕೊಂಡಿಲ್ಲ' ಎಂದೆ. ಮೇಡಂ ಓದಿ ಫೈಲಿಗೆ ಸೇರಿಸಿದರು.

ಕೊನೆಯ ಭೇಟಿಗೆ ಹೋದಾಗ ಸೊಸೆ ಹೊಸ ಕಿಟಕಿಯ ಕೆಳಗೆ ರೊಟ್ಟಿ ಬಡಿಯುತ್ತಿದ್ದಳು. ಆಯಿ ಹೊರಗೆ ಕುಳಿತು, "ದಪ್ಪ ಆಗಾಕತ್ತಾವು, ಸಪ್ಪಳದಾಗ ತಿಳೀತೈತಿ," ಎಂದು ಕೂಗುತ್ತಿದ್ದಳು. ಊಟ ಮಾಡಿಕೊಂಡು ಹೋಗಿ ಎಂದು ಸೊಸೆ ನನ್ನ ಮುಂದೆ ತಾಟು ಇಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಅಂಚಿನಲ್ಲಿ ಇನ್ನೂ ಅಳಿಸದ ಕೆಂಪು ಗುರುತು. ಇಟ್ಟು ಎದುರಿಗೇ ಕುಳಿತಳು.

ತಾಟಿನಿಂದ ಬರುವುದಿಲ್ಲವೆಂದು ನೂರು ಮನೆಗಳಲ್ಲಿ ಹೇಳಿದವಳು ನಾನು. ಆದರೂ ನನ್ನ ಕೈ ಒಂದು ಕ್ಷಣ ತಡೆಯಿತು.

"ಕೈ ಯಾಕ ನಿಂತಿತು ಅಕ್ಕಾ?"

ಹದಿನಾಲ್ಕು ಶೀಲ್ಡಿನವಳಿಗೆ ಒಂದು ಮಾತೂ ಹೊಳೆಯಲಿಲ್ಲ. ರೊಟ್ಟಿ ಮುರಿದು ತಿಂದೆ, ಇನ್ನೊಂದು ಹಾಕು ಎಂದೆ.