ಹಗ್ಗದ ಈಚೆ ಹುಲ್ಲು, ಆಚೆ ಜೊಂಡು

ಅಟ್ಟೂರಿನ ಹಿಂಬದಿಯ ಸಿಂಗಮ್ಮನ ಕೆರೆಯ ಮೇಲೆ ಮಂಜು ಇನ್ನೂ ಸರಿದಿಲ್ಲ. ಆಗಲೇ ಮುನಿಕೃಷ್ಣಮ್ಮ ಹಗ್ಗದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ನೀಲಿ ನೈಲಾನ್ ಹಗ್ಗ. ಹಿತ್ತಲಿನ ಈ ಕಾಂಪೌಂಡಿನಿಂದ ಆ ಕಾಂಪೌಂಡಿನವರೆಗೆ ಮೊಳಕಾಲೆತ್ತರದಲ್ಲಿ ಗೂಟಗಳಿಗೆ ಕಟ್ಟಿದ್ದು. ಹಗ್ಗದ ಈಚೆ, ಮನೆಯ ಕಡೆಗೆ, ನೀಟಾಗಿ ಕತ್ತರಿಸಿದ ಹುಲ್ಲುಹಾಸು. ಆಚೆ, ನೀರಿನ ಕಡೆಗೆ, ಜೊಂಡು, ಲಕ್ಕಿ, ಕಾಡುಕೆಸು, ಹೆಸರು ಗೊತ್ತಿಲ್ಲದ ಇನ್ನೇನೇನೋ. ಈಚೆಯದನ್ನು ಆಗಾಗ ಕತ್ತರಿಸುತ್ತಿರಬೇಕು. ಆಚೆಯದಕ್ಕೆ ಕೈ ಹಾಕುವಂತಿಲ್ಲ. ಇದು ಪಾಲಿಕೆಯ ತೀರ್ಮಾನ.

ತೊಂದರೆ ಏನೆಂದರೆ, ಆ ತೀರ್ಮಾನ ಹುಲ್ಲಿಗೂ ಗೊತ್ತಿಲ್ಲ, ಜೊಂಡಿಗೂ ಗೊತ್ತಿಲ್ಲ. ಹುಲ್ಲು ಹಗ್ಗದ ಅಡಿಯಲ್ಲಿ ತೆವಳಿಕೊಂಡು ಆಚೆ ಹೋಗಿದೆ. ಜೊಂಡಿನ ಎರಡು ಮೊಳಕೆ ಈಚೆ ತಲೆ ಎತ್ತಿವೆ. ಮುನಿಕೃಷ್ಣಮ್ಮನ ಕೈಯಲ್ಲಿ ಕುಡುಗೋಲಿದೆ, ಆದರೆ ಅದು ಆಡುತ್ತಿಲ್ಲ.

“ಇದು ಈ ಕಡೀಕ್ ಬಂದೈತೆ, ಕೀಳ್ಬೋದು ಅನ್ಸುತ್ತೆ. ಆದ್ರೆ ಬುಡ ಆ ಕಡೀಕೈತಲ್ಲ? ಬುಡ ಲೆಕ್ಕಾನೋ, ತಲೆ ಲೆಕ್ಕಾನೋ, ಯಾರ್ನ ಕೇಳದು?” ಅನ್ನುತ್ತಾರೆ. ಕೊನೆಗೆ ಜೊಂಡಿನ ಮೊಳಕೆಯನ್ನು ಹಾಗೇ ಬಿಟ್ಟು, ಆಚೆ ಹೋದ ಹುಲ್ಲನ್ನು ಬೆರಳಿನಿಂದ ಮೆಲ್ಲಗೆ ಈಚೆಗೆ ಎಳೆದುಕೊಂಡು ಎದ್ದು ನಿಲ್ಲುತ್ತಾರೆ.

ಐವತ್ತು ದಾಟಿದ ಮುನಿಕೃಷ್ಣಮ್ಮ ಕೆರೆಯಂಚಿನ ಈ ಸಾಲುಮನೆಗಳ ಹಿತ್ತಲು ನೋಡಿಕೊಳ್ಳುವವರು. ಗಿಡದ ಕೆಲಸವನ್ನು ಅವರು ಎಲ್ಲೂ ಕಲಿತವರಲ್ಲ. ಬಡಾವಣೆ ಏಳುವಾಗ ಇದೇ ಮನೆಗಳಿಗೆ ಕ್ಯೂರಿಂಗ್ ಮಾಡಲು ಬಂದರು. ಹಸಿ ಗೋಡೆಗೆ, ಹೊಸ ತಾರಸಿಗೆ ದಿನವಿಡೀ ಪೈಪು ಹಿಡಿದು ನೀರು ಹೊಡೆಯುವ ಕೆಲಸ. ಗೋಡೆ ಒಣಗಿ ಮಾಲೀಕರು ಬಂದು ಸೇರಿದರು. ಪೈಪು ಹಿಡಿದವರು ಇಲ್ಲೇ ಇದ್ದಾರಲ್ಲ ಎಂದು ಒಬ್ಬರು ಗುಲಾಬಿಗೂ ನೀರು ಹಾಕಲು ಹೇಳಿದರು. ಗೋಡೆಗೆ ಹೊಡೆದಂತೆಯೇ ಹೊಡೆದು ಆ ಗುಲಾಬಿಯನ್ನು ಕೊಳೆಸಿದ್ದನ್ನು ಅವರು ಇವತ್ತಿಗೂ ಮುಚ್ಚಿಡದೆ ಹೇಳುತ್ತಾರೆ. ಆಮೇಲೆ ಮೆಲ್ಲಗೆ ಕೈ ಪಳಗಿತು. ಒಂದು ಮನೆ ಎರಡಾಯಿತು, ಎರಡು ಇಡೀ ಸಾಲಾಯಿತು. ಗಂಡ ಚನ್ನಪ್ಪ ತಣಿಸಂದ್ರದ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ. ಅವರು ಡ್ಯೂಟಿ ಮುಗಿಸಿ ಮನೆಗೆ ಬರುವ ಹೊತ್ತಿಗೆ ಇವರು ಕೆರೆಯ ದಾರಿ ಹಿಡಿದಿರುತ್ತಾರೆ.

ಹಗ್ಗ ಇರುವುದು ಪದ್ಮಶ್ರೀ ಅವರ ಹಿತ್ತಲಲ್ಲಿ. ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಪದ್ಮಶ್ರೀ, ವಯಸ್ಸಾದ ತಾಯಿಯ ಜೊತೆ ಇಲ್ಲಿದ್ದಾರೆ. ಎರಡು ಬೇಸಿಗೆಯ ಹಿಂದೆ ಹಿಂಬದಿಯ ವಾಷಿಂಗ್ ಮೆಷಿನ್ನಿನೊಳಗೆ ಹಾವು ಸುತ್ತಿಕೊಂಡು ಮಲಗಿತ್ತು. ಅದನ್ನು ಕಂಡದ್ದು ತಾಯಿ. ಅಂದಿನಿಂದ ಆ ಅಜ್ಜಿ ಹಿತ್ತಲ ಬಾಗಿಲು ತೆರೆಯುವುದನ್ನೇ ಬಿಟ್ಟರು. ಪದ್ಮಶ್ರೀ ಮುನಿಕೃಷ್ಣಮ್ಮನನ್ನು ಕರೆದು, “ನೀರಿನವರೆಗೂ ಎಲ್ಲಾ ಕ್ಲೀನ್ ಮಾಡಿಸಿಬಿಡಿ, ಒಂದು ಕಡ್ಡೀನೂ ಇರಬಾರದು” ಅಂದರು.

ಮುನಿಕೃಷ್ಣಮ್ಮ ಇಬ್ಬರು ಹೆಂಗಸರನ್ನು ಜೊತೆ ಮಾಡಿಕೊಂಡು ಜೊಂಡು ಕಿತ್ತರು, ಕೆಸು ಕಿತ್ತರು, ಆಳೆತ್ತರ ಬೆಳೆದಿದ್ದ ಲಕ್ಕಿಯ ಬುಡ ಅಗೆದರು. ಹೊಸೂರು ರಸ್ತೆಯ ನರ್ಸರಿಯಿಂದ ಚಾಪೆಯಂತೆ ಸುರುಳಿ ಸುತ್ತಿದ ಹುಲ್ಲು ಬಂತು. ಹಾಸಿದರು. ಅಂಚಿಗೆ ಅಲಂಕಾರದ ತಾಳೆ ನೆಟ್ಟರು. ಅಜ್ಜಿ ಬಹಳ ದಿನದ ಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದರು. “ಚೆನ್ನಾಗಿತ್ತು, ಸುಳ್ ಯಾಕೇಳ್ಲಿ,” ಅನ್ನುತ್ತಾರೆ ಮುನಿಕೃಷ್ಣಮ್ಮ. “ಕೆರೆ ಮನೆವೊಳಗೇ ಬಂದಂಗಿತ್ತು.”

ಅದು ಚೆನ್ನಾಗಿ ಕಾಣದಿದ್ದದ್ದು ಎರಡು ಮನೆ ಆಚೆಯ ಹೇಮಂತನಿಗೆ. ದಿನಾ ಕೆರೆ ಸುತ್ತುವ, ಹಕ್ಕಿಗಳ ಫೋಟೋ ತೆಗೆಯುವ ಹುಡುಗ. ಜೊಂಡಿನಲ್ಲಿ ನೀರುಕೋಳಿ ಗೂಡು ಕಟ್ಟುತ್ತಿತ್ತು, ಈಗ ಎಲ್ಲಿಗೆ ಹೋಗಬೇಕು ಎಂದು ಪಾಲಿಕೆಗೆ ದೂರು ಕೊಟ್ಟ. ಜಾಗ ಪದ್ಮಶ್ರೀ ಅವರದೇ. ಆದರೆ ನೀರಿಗೆ ತಾಗಿದ ಪಟ್ಟಿಯಲ್ಲಿ ಇದ್ದ ಗಿಡ ತೆಗೆದು ಬೇರೆ ಗಿಡ ಹಾಕುವುದಿದ್ದರೆ ಪಾಲಿಕೆ ನೋಡಿ ಒಪ್ಪಬೇಕು. ಹಾಗೊಂದು ನಿಯಮ ಇದೆ ಎಂದು ಪದ್ಮಶ್ರೀ ಅವರಿಗೆ ಗೊತ್ತಾದದ್ದೇ ನೋಟಿಸು ಬಂದ ಮೇಲೆ. ಪಾಲಿಕೆ ಪರಿಶೀಲಿಸಿ ತೀರ್ಮಾನ ಹೇಳುವವರೆಗೆ ಯಥಾಸ್ಥಿತಿ ಕಾಪಾಡಬೇಕು ಎಂದಿತ್ತು ಅದರಲ್ಲಿ.

“ಅಂಗಂದ್ರೆ ಏನ್ ಮೇಡಮ್?” ಎಂದು ಮುನಿಕೃಷ್ಣಮ್ಮ ಕೇಳಿದರು.

“ಹೇಗಿದೆಯೋ ಹಾಗೇ ಬಿಡೋದು. ಏನನ್ನೂ ಮುಟ್ಟೋ ಹಾಗಿಲ್ಲ.”

“ನೀರು?”

ಪದ್ಮಶ್ರೀ ವಕೀಲರಿಗೆ ಫೋನ್ ಮಾಡಿದರು. ಹಾಕದಿದ್ದರೆ ಸೇಫು ಅಂದರು ವಕೀಲರು. ಹುಲ್ಲು ಒಣಗಿದರೆ ‘ಹೇಗಿದೆಯೋ ಹಾಗೆ’ ಆಗುವುದಿಲ್ಲವಲ್ಲ ಎಂಬುದು ಅಜ್ಜಿಯ ವಾದ. ಪಾಲಿಕೆಯ ತೋಟಗಾರಿಕೆ ವಿಭಾಗದಲ್ಲಿ ಈ ಕಡತ ನೋಡುತ್ತಿದ್ದ ನಜೀರ್ ಅವರನ್ನು ಕೇಳಿದರೆ, “ನೀರಿನ ಬಗ್ಗೆ ಆರ್ಡರಲ್ಲಿ ಏನೂ ಇಲ್ಲ ಮೇಡಮ್, ನಾನು ಹಾಕಿ ಅಂತಾನೂ ಹೇಳೋಕಾಗಲ್ಲ, ಬೇಡ ಅಂತಾನೂ ಹೇಳೋಕಾಗಲ್ಲ” ಅಂದರು.

ಹಾಗಾಗಿ ಮುನಿಕೃಷ್ಣಮ್ಮ ತಾವೇ ಒಂದು ದಾರಿ ಹುಡುಕಿದರು. “ಒಂದಿನ ಉಯ್ದೆ, ಒಂದಿನ ಬಿಟ್ಟೆ. ಎಲ್ರ ಮಾತೂ ಕೇಳ್ದಂಗಾಗ್ಲಿ ಅಂತ.” ಹುಲ್ಲು ಅತ್ತ ಸಾಯಲೂ ಇಲ್ಲ, ಇತ್ತ ಬದುಕಲೂ ಇಲ್ಲ. ತಾಳೆಗಳು ಒಂದು ಪಕ್ಕಕ್ಕೆ ಜೋತವು. ಮಳೆ ಬಿದ್ದಾಗ ಹುಲ್ಲುಹಾಸನ್ನು ಸೀಳಿಕೊಂಡು ಜೊಂಡು ಮತ್ತೆ ಮೇಲೆ ಬಂತು. ಅದನ್ನು ಕಿತ್ತರೆ ತಪ್ಪೋ, ಬಿಟ್ಟರೆ ತಪ್ಪೋ ತಿಳಿಯದೆ ಅವರು ದಿನಾ ಬೆಳಿಗ್ಗೆ ಬಂದು ಅದನ್ನು ನೋಡಿ ಹೋಗುತ್ತಿದ್ದರು.

ಆದರೆ ಅವರ ನಿದ್ದೆ ಕೆಡಿಸಿದ್ದು ಹುಲ್ಲಲ್ಲ. ನೋಟಿಸಿನಲ್ಲಿ ‘ಕೂಲಿಯಾಳಿನ ಮೂಲಕ ತೆರವುಗೊಳಿಸಲಾಗಿದೆ’ ಎಂಬ ಸಾಲು ಇತ್ತು. ಪದ್ಮಶ್ರೀ ಓದಿ ಹೇಳುವಾಗ ಬೇರೆಲ್ಲ ಮಾತು ತಲೆ ಮೇಲೆ ಹಾದುಹೋಗಿ, ಕೂಲಿಯಾಳು ಎಂಬುದೊಂದೇ ಉಳಿಯಿತು. ಅದು ತಾನೇ ಎಂದು ಅವರಿಗೆ ಗೊತ್ತಾಗಲು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೇಸು ತನ್ನ ಮೇಲೂ ಬೀಳುತ್ತದೆ ಎಂದುಕೊಂಡರು. ಚನ್ನಪ್ಪ ಹೇಳಿದ್ದು ಒಂದೇ ಮಾತು: “ಏನ್ ಕೇಳುದ್ರೂ ಗೊತ್ತಿಲ್ಲ ಅನ್ನಮ್ಮಿ. ಗೊತ್ತಿಲ್ಲ ಅಂದೋರ್ನ ಯಾರೂ ಇಡ್ಕೊಂಡ್ ಓಗಲ್ಲ.”

ಪರಿಶೀಲನೆಯ ದಿನ ನಜೀರ್ ಬಂದರು. ಜೊತೆಗೆ ಇಂಥ ದೂರು ತೀರ್ಮಾನಿಸುವ ಪಾಲಿಕೆಯ ಸಮಿತಿಯ ಇಬ್ಬರು ಸದಸ್ಯರು. ಪದ್ಮಶ್ರೀ ಇದ್ದರು, ಹೇಮಂತನೂ ಬಂದಿದ್ದ. ಪ್ರಶ್ನೆ ಇಷ್ಟೇ: ಮೊದಲು ಇಲ್ಲಿದ್ದ ಗಿಡ ತಾನಾಗಿ ಬೆಳೆದದ್ದೋ, ಯಾರಾದರೂ ನೆಟ್ಟದ್ದೋ? ತಾನಾಗಿ ಬೆಳೆದದ್ದಾದರೆ ಅದು ಕೆರೆಯದು, ಮತ್ತೆ ಹಾಗೇ ಬೆಳೆಸಬೇಕು. ನೆಟ್ಟದ್ದಾದರೆ ಮಾಲೀಕರು ಬದಲಾಯಿಸಿಕೊಳ್ಳಬಹುದು. ಹೇಮಂತ ಕಾಡು ಅಂದ. ಪದ್ಮಶ್ರೀ ಕಸ ಅಂದರು. ನಜೀರ್ ಹಿಂದೆ ನಿಂತಿದ್ದ ಮುನಿಕೃಷ್ಣಮ್ಮನ ಕಡೆ ತಿರುಗಿದರು.

“ನೀವು ಮೊದಲಿಂದ ಇಲ್ಲಿದ್ದೀರಂತೆ. ಹೇಳಮ್ಮ, ಭಯ ಬೇಡ.”

ಗೊತ್ತಿಲ್ಲ ಎಂಬ ಮಾತು ಅವರ ಬಾಯಿತನಕ ಬಂದಿತ್ತು. ಯಾಕೆ ಹೊರಡಲಿಲ್ಲವೋ ಅವರಿಗೂ ತಿಳಿಯದು. “ಜೊಂಡು, ಕೆಸು ಅದ್ರ ಪಾಡಿಗ್ ಬಂದಿದ್ದು ಸಾರ್. ಲಕ್ಕಿ ನಾನ್ ನೆಟ್ಟಿದ್ದು.”

ಪದ್ಮಶ್ರೀ ಅವರ ಮುಖದಲ್ಲಿ ಆಶ್ಚರ್ಯ. ಹೇಮಂತ ಒಂದು ಹೆಜ್ಜೆ ಮುಂದೆ ಬಂದ. “ಯಾರ್ ನೆಡೋಕೆ ಹೇಳಿದ್ದಮ್ಮ?”

“ಯಾರೂ ಏಳ್ಲಿಲ್ಲ. ಮರೆಗೆ ಅಂತ ನೆಟ್ಟೆ.”

“ಯಾವುದರ ಮರೆಗೆ?” ನಜೀರ್ ಕೇಳಿದರು.

ಮುನಿಕೃಷ್ಣಮ್ಮ ಪದ್ಮಶ್ರೀಯವರನ್ನು ನೋಡಿದರು. ಗಂಡಸರ ಮುಂದೆ ಹೇಳುವ ಮಾತಲ್ಲ ಅದು. “ಎಂಗಸ್ರಿಗೆ ಸಾರ್. ಆಗ ಇಲ್ಲಿ ಬರೀ ಗೋಡೆ. ಕೆಲ್ಸದೋರಿಗೆ ಬಚ್ಲಿಲ್ಲ, ಏನಿಲ್ಲ. ನಾವ್ ಎಂಗಸ್ರು ಈ ಮೂಲೆಗ್ ಬತ್ತಿದ್ವಿ. ಆ ದಡದಿಂದ ಲಕ್ಕಿ ಕಡ್ಡಿ ಮುರ್ಕೊಂಬಂದು ಸುತ್ಲೂ ಸಿಗ್ಸಿದ್ದೆ. ನಾನ್ ಸಿಗ್ಸಿದ್ ಒಂದಷ್ಟು. ಆಮ್ಯಾಕೆ ಅದೇ ಅಬ್ಕೊಂಡ್ ಓಯ್ತು.”

ಆ ಮನೆ ಕಟ್ಟಿದ ಹೆಂಗಸರ ವಿಷಯ ಅದುವರೆಗೆ ಯಾರ ತಲೆಗೂ ಬಂದಿರಲಿಲ್ಲ. ಸಮಿತಿಯ ಒಬ್ಬರು, ಹಾಗಾದರೆ ಇದನ್ನು ಯಾವ ಲೆಕ್ಕಕ್ಕೆ ಸೇರಿಸುವುದು ಎಂದು ನಜೀರ್ ಅವರನ್ನೇ ಕೇಳಿದರು. ನಜೀರ್ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

ಅವರೆಲ್ಲ ಹೋದ ಮೇಲೆ ಪದ್ಮಶ್ರೀ ಒಳಗೆ ಹೋದವರು ಹಲವು ದಿನ ಸರಿಯಾಗಿ ಮಾತಾಡಲಿಲ್ಲ. ಈ ಮನೆಯ ಕೆಲಸ ಕೈತಪ್ಪಿತು ಎಂದೇ ಮುನಿಕೃಷ್ಣಮ್ಮ ಅಂದುಕೊಂಡರು. ತಾನು ಹೇಳಿದ್ದು ಮೇಡಮ್‌ಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಅವರಿಗೆ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಪದ್ಮಶ್ರೀ ತಾವೇ ಟೀ ತಂದುಕೊಟ್ಟು ಮೆಟ್ಟಿಲ ಮೇಲೆ ಕೂತರು.

“ಲಕ್ಕಿ ಕೀಳಿಸಿದ ದಿನ ಯಾಕೆ ನಂಗೆ ಹೇಳಲಿಲ್ಲ ಮುನಿಕೃಷ್ಣಮ್ಮ?”

“ಕೀಳಿ ಅಂದ್ರಿ ಮೇಡಮ್. ಕೆಲ್ಸ ಅಂದ್ಕೊಂಡೆ.”

“ಬೇಜಾರಾಗಲಿಲ್ವಾ?”

ಆ ಮಾತು ನೆನೆದು ಮುನಿಕೃಷ್ಣಮ್ಮ ಈಗ, “ನಾನೇ ನೆಟ್ಟಿದ್ದು, ನಾನೇ ಕಿತ್ತಿದ್ದು. ಯಾರ್ ಮ್ಯಾಲ್ ಬೇಜಾರ್ ಮಾಡ್ಕೊಳದು?” ಎಂದು ನಮ್ಮನ್ನೇ ಕೇಳುತ್ತಾರೆ.

ಸಮಿತಿಯ ಸಭೆಗೆ ಅವರೂ ಬರಬೇಕೆಂದು ನಜೀರ್ ಹೇಳಿ ಕಳಿಸಿದ್ದರು. ವಾರ್ಡ್ ಆಫೀಸಿನ ಹಿಂದಿನ ಕುರ್ಚಿಯಲ್ಲಿ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತಿದ್ದರು. ಸ್ಥಳೀಯ ಸಸ್ಯ, ಸ್ಥಳೀಯ ಸಸ್ಯ ಎಂದು ಎಲ್ಲರೂ ಹೇಳುತ್ತಿದ್ದರು. ಹುಲ್ಲು ಹೊಸೂರು ರಸ್ತೆಯಿಂದಲೇ ಬಂದದ್ದು, ಅದು ಹೇಗೆ ಹೊರಗಿನದಾಯಿತು ಎಂದು ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ಹಗ್ಗದ ತೀರ್ಮಾನ ಬಂತು. ಅಜ್ಜಿಯ ಭಯಕ್ಕೆಂದು ಮನೆಯ ಹತ್ತಿರ ಹುಲ್ಲು ಇರಲಿ. ನೀರಿನ ಕಡೆ ತಾಳೆ ತೆಗೆದು ಮೊದಲಿದ್ದದ್ದನ್ನೇ ಬೆಳೆಸಬೇಕು, ನೆಟ್ಟದ್ದಾದರೂ ಇದೇ ಕೆರೆಯ ದಡದ್ದು ಎಂದು ಲಕ್ಕಿಯನ್ನೂ ಸೇರಿಸಿ. ಕೆಲಸಗಾರರ ಮೇಲೆ ಯಾವ ಕ್ರಮವೂ ಇಲ್ಲ ಎಂದು ಬರೆಸಿದ್ದು ನಜೀರ್. ಆ ಕೊನೆಯ ಮಾತು ಕೇಳಿ ಮುನಿಕೃಷ್ಣಮ್ಮ ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡರು.

ಸಭೆ ಮುಗಿದ ಮೇಲೆ ನಜೀರ್ ಹತ್ತಿರ ಬಂದು, “ಲಕ್ಕಿ ಕಡ್ಡಿ ನೀವೇ ತಂದು ನೆಟ್ಟುಬಿಡಮ್ಮ” ಅಂದರು. ಮುನಿಕೃಷ್ಣಮ್ಮ ಒಪ್ಪಲಿಲ್ಲ. “ಎಲ್ರ ಮುಂದೆ ಏಳಿ ಸಾರ್. ನಾಳೆ ಇನ್ಯಾರೋ ಬಂದು ಇದ್ಯಾರ್ ನೆಟ್ಟಿದ್ದು ಅಂದ್ರೆ?” ನಜೀರ್ ನಕ್ಕರೂ, ಹೊರಡುತ್ತಿದ್ದ ಪದ್ಮಶ್ರೀ ಮತ್ತು ಹೇಮಂತನನ್ನು ಕರೆದು ನಿಲ್ಲಿಸಿ, ಅದೇ ಮಾತನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಆ ವಾರವೇ ನೆಟ್ಟದ್ದಾಯಿತು. ಹೇಮಂತ ಬಂದು ಗುಣಿ ತೋಡಿಕೊಟ್ಟ. ಅಜ್ಜಿ ಕಿಟಕಿಯಿಂದ ನೋಡಿದರು, ಹಿತ್ತಲಿಗೆ ಮಾತ್ರ ಇನ್ನೂ ಇಳಿದಿಲ್ಲ.

ಈಗ ಸಾಲಿನ ಬೇರೆ ಮನೆಗಳವರೂ ಪಾಲಿಕೆಗೆ ಅರ್ಜಿ ಹಾಕಿದ್ದಾರೆ. ಕೆಲವರಿಗೆ ಕಾಡು ಬೇಕು, ಕೆಲವರಿಗೆ ಹುಲ್ಲು ಬೇಕು, ಒಬ್ಬರಿಗೆ ಎರಡೂ ಬೇಡ. ಎಲ್ಲರೂ ಮುನಿಕೃಷ್ಣಮ್ಮನನ್ನೇ ವಿಚಾರಿಸುತ್ತಾರೆ. ತನ್ನನ್ನು ಮೆಚ್ಚಿ ಕೇಳುತ್ತಿದ್ದಾರೋ, ಆಮೇಲೆ ಬೆರಳು ತೋರಿಸಲು ಒಬ್ಬರು ಇರಲಿ ಎಂದು ಕೇಳುತ್ತಿದ್ದಾರೋ ಅವರಿಗೆ ಗೊತ್ತಿಲ್ಲ. ನಿಮಗೇನು ಬೇಕು ಎಂದು ಕೇಳಿದರೆ ಬಹಳ ಯೋಚಿಸುತ್ತಾರೆ. “ಊಂ ಅಂದ್ರೆ ಊಂ, ಬ್ಯಾಡ ಅಂದ್ರೆ ಬ್ಯಾಡ, ಯಾರಾನ ಒಬ್ರು ಏಳ್ಬೇಕು. ಮಿಕ್ಕಿದ್ದು ನಾನ್ ಮಾಡ್ಕೊಂತೀನಿ.”

ಬಿಸಿಲು ಏರುತ್ತಿದೆ. ಕಾಂಪೌಂಡಿನ ನೆರಳಿನಲ್ಲಿ ಹಳೆಯ ಪೇಂಟ್ ಬಕೆಟ್ಟುಗಳು ಸಾಲಾಗಿ ನಿಂತಿವೆ. ಒಂದೊಂದರಲ್ಲೂ ಕೆಸರು ಮಣ್ಣು, ಮಣ್ಣಿನಲ್ಲಿ ಲಕ್ಕಿಯ ಕಡ್ಡಿಗಳು. ಪಕ್ಕದ ಮನೆಗೆಂದು ತಂದಿಟ್ಟದ್ದು. ಆ ಮನೆಯ ಅರ್ಜಿ ಇನ್ನೂ ಪಾಲಿಕೆಯಲ್ಲೇ ಇದೆ. ಮುನಿಕೃಷ್ಣಮ್ಮ ಒಂದು ಕಡ್ಡಿಯ ಬುಡವನ್ನು ಬೆರಳಿನಿಂದ ಕೆದಕಿ ನೋಡುತ್ತಾರೆ. ಬಿಳಿಯ ಎಳೆಗಳು. ಮತ್ತೆ ಮಣ್ಣು ಮುಚ್ಚುತ್ತಾರೆ.

“ಪರ್ಮಿಶನ್ ಬರಾಗಂಟ ಇಲ್ಲೇ ಇರ್ಲಿ,” ಅನ್ನುತ್ತಾರೆ. “ಬೇರ್ ಬಿಡಕ್ಕೆ ಯಾರ್ನೂ ಕೇಳ್ಬೇಕಾಗಿಲ್ವಲ್ಲ.”